ಸೇನಾ ಎಂಜಿನಿಯರ್‌ಗಳಿಗೆ ಮೆಕ್ಯಾನಿಕಲ್ ಮತ್ತು ಬಿಲ್ಡಿಂಗ್ ಸರ್ವಿಸಸ್ ಓದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಿಲ್ಡಿಂಗ್ ಸರ್ವಿಸಸ್ ಅಂದರೆ ನಿಜವಾಗಿ ಏನೇನು ಬರುತ್ತದೆ?

ಗೋಡೆ, ಕಂಬ, ಚಾವಣಿ ಬಿಟ್ಟರೆ ಕಟ್ಟಡದಲ್ಲಿ ಉಳಿಯುವುದೆಲ್ಲ ಹೆಚ್ಚುಕಡಿಮೆ ಇದರೊಳಗೇ ಬರುತ್ತದೆ. ಕುಡಿಯುವ ನೀರು, ಬಿಸಿನೀರು, ಒಳಚರಂಡಿ, ಎ.ಸಿ., ಹೀಟಿಂಗ್, ವೆಂಟಿಲೇಷನ್, ಜನರೇಟರ್, ವೈರಿಂಗ್, ಲೈಟಿಂಗ್, ಬೆಂಕಿ ನಂದಿಸುವ ವ್ಯವಸ್ಥೆ, ಲಿಫ್ಟ್, ಕಂಟ್ರೋಲ್ ಪ್ಯಾನೆಲ್. ಸೇನೆಯಲ್ಲಿ ಇದರ ಜೊತೆ ಇಂಧನ ಸಂಗ್ರಹ, ಕೋಲ್ಡ್ ಸ್ಟೋರ್, ಫೀಲ್ಡ್ ಆಸ್ಪತ್ರೆಯ ಆಕ್ಸಿಜನ್ ಲೈನ್, ಹ್ಯಾಂಗರ್‌ಗೆ ಬೇಕಾದ ಕಂಪ್ರೆಸ್ಡ್ ಏರ್ ಕೂಡ ನಿಮ್ಮ ಪಾಲಿಗೆ ಬರುತ್ತವೆ.

ಸೇತುವೆ ಕಟ್ಟುವುದು, ಮೈನ್ ತೆಗೆಯುವುದು ತಾನೇ ಸೇನಾ ಎಂಜಿನಿಯರ್‌ಗಳ ಕೆಲಸ? ಇದಕ್ಕೆ ಯಾಕೆ ಇಷ್ಟು ಒತ್ತು?

ಸೈನಿಕ ಬದುಕಿ ಉಳಿಯುವುದು ಮೊದಲ ಕೆಲಸ, ಅದಕ್ಕೆ. ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಗುಂಡಿಗಿಂತ ರೋಗಕ್ಕೆ ಬಲಿಯಾದದ್ದೇ ಜಾಸ್ತಿ. ಟರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೇನಾ ಆಸ್ಪತ್ರೆಯ ಕೆಳಗೆ ಚರಂಡಿಗಳು ಕಟ್ಟಿಕೊಂಡಿದ್ದವು. ವಾರ್ಡ್‌ಗಳಲ್ಲಿ ಗಾಳಿ ಆಡುತ್ತಿರಲಿಲ್ಲ. 1855ರ ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗ ಚರಂಡಿ ತೊಳೆಸಿತು, ವಾರ್ಡ್‌ಗಳಿಗೆ ಗಾಳಿ ಬರುವ ಹಾಗೆ ಮಾಡಿಸಿತು. ಫೆಬ್ರವರಿಯಲ್ಲಿ ಶೇ 42ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಜೂನ್ ಹೊತ್ತಿಗೆ ಶೇ 2ರ ಆಸುಪಾಸಿಗೆ ಇಳಿಯಿತು. ಇಷ್ಟು ಇಳಿಯಲು ಬೇರೆ ಕಾರಣಗಳೂ ಸೇರಿಕೊಂಡಿದ್ದವು, ನಿಜ. ಆದರೆ ನೀರು, ಗಾಳಿ, ಚರಂಡಿಯನ್ನು ಬದಿಗಿಟ್ಟು ಈ ಇಳಿಕೆಯನ್ನು ವಿವರಿಸಲು ಆಗುವುದಿಲ್ಲ.

ಅದೇ ವರ್ಷ ಬ್ರಿಟಿಷ್ ಎಂಜಿನಿಯರ್ ಇಸಂಬಾರ್ಡ್ ಬ್ರೂನೆಲ್ ಟರ್ಕಿಯ ರೆಂಕಿಯೋಯಿ ಎಂಬಲ್ಲಿಗೆ ಒಂದು ಆಸ್ಪತ್ರೆ ರೂಪಿಸಿದರು. ಮರದ ಬಿಡಿಭಾಗಗಳನ್ನು ಇಂಗ್ಲೆಂಡಿನಲ್ಲೇ ತಯಾರಿಸಿ, ಹಡಗಿನಲ್ಲಿ ಕಳಿಸಿ, ಅಲ್ಲಿ ಜೋಡಿಸಿದರು. ಪ್ರತಿ ವಾರ್ಡ್‌ಗೂ ಗಾಳಿ ತಳ್ಳುವ ಫ್ಯಾನ್, ನೀರು, ಚರಂಡಿ ಮೊದಲ ನಕ್ಷೆಯಲ್ಲೇ ಇದ್ದವು. ಕಟ್ಟಡ ಎದ್ದ ಮೇಲೆ ಪೈಪ್ ಎಲ್ಲಿ ತೂರಿಸೋಣ ಅಂತ ಅಲ್ಲಿ ಯಾರೂ ಯೋಚಿಸಬೇಕಾಗಿರಲಿಲ್ಲ. ಈ ವಿಷಯ ಓದಲು ಹೊರಟವರೆಲ್ಲ ಆ ಆಸ್ಪತ್ರೆಯ ನಕ್ಷೆಯನ್ನು ಒಮ್ಮೆ ಹುಡುಕಿ ನೋಡಬೇಕು ಅನ್ನುವುದು ನನ್ನ ಆಸೆ.

ಸಾಮಾನ್ಯ ಕಾಲೇಜಿನ ಬಿಲ್ಡಿಂಗ್ ಸರ್ವಿಸಸ್ ಓದಿಗೂ ಇದಕ್ಕೂ ವ್ಯತ್ಯಾಸ ಏನು?

ಭೌತಶಾಸ್ತ್ರ ಒಂದೇ. ಪರಿಸ್ಥಿತಿ ಬೇರೆ.

ನಗರದ ಆಫೀಸ್ ಕಟ್ಟಡಕ್ಕೆ ಡಿಸೈನ್ ಮಾಡುವಾಗ ಕರೆಂಟು, ನೀರು, ಚರಂಡಿ ಬೀದಿಯಲ್ಲೇ ಇರುತ್ತವೆ. ಪಂಪ್ ಕೆಟ್ಟರೆ ಏಜೆನ್ಸಿಯವರು ಬರುತ್ತಾರೆ. ಫೀಲ್ಡ್ ಕ್ಯಾಂಪಿನಲ್ಲಿ ಎಲ್ಲವನ್ನೂ ನೀವೇ ತರಬೇಕು, ನಡೆಸಬೇಕು, ಕೊನೆಗೆ ಬಿಚ್ಚಬೇಕು. ಎಷ್ಟು ಜನ ಇರುತ್ತಾರೆ ಅನ್ನುವುದು ವಾರಕ್ಕೊಮ್ಮೆ ಬದಲಾಗುತ್ತದೆ. ಆರು ತಿಂಗಳಿಗೆ ಅಂತ ಕಟ್ಟಿದ ಕ್ಯಾಂಪು ಹತ್ತು ವರ್ಷ ನಿಲ್ಲುತ್ತದೆ.

ಇನ್ನೊಂದು ವ್ಯತ್ಯಾಸ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಾಗರಿಕ ಜೀವನದಲ್ಲಿ ಡೀಸೆಲ್ ಪೋಲಾದರೆ ದುಡ್ಡು ಹೋಗುತ್ತದೆ. ಯುದ್ಧಭೂಮಿಯಲ್ಲಿ ಆ ಡೀಸೆಲನ್ನು ಲಾರಿಗಳ ಸಾಲು ಹೊತ್ತು ತರುತ್ತದೆ, ಆ ಸಾಲಿನ ಮೇಲೆ ದಾಳಿಯಾಗುತ್ತದೆ. 2007ರ ಅಂಕಿಅಂಶ ಇಟ್ಟುಕೊಂಡು ಅಮೆರಿಕದ ಸೇನೆ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಅಫ್ಘಾನಿಸ್ತಾನದಲ್ಲಿ ಸರಾಸರಿ 24 ಇಂಧನ ಸಾಲುಗಳಿಗೆ ಒಬ್ಬರು ಸತ್ತಿದ್ದರು ಅಥವಾ ಗಾಯಗೊಂಡಿದ್ದರು. ಆ ಡೀಸೆಲಿನಲ್ಲಿ ದೊಡ್ಡ ಪಾಲು ಹೋಗುತ್ತಿದ್ದುದು ಜನರೇಟರ್‌ಗಳಿಗೆ. ಆ ಜನರೇಟರ್‌ಗಳು ಟೆಂಟ್‌ಗಳನ್ನು ತಂಪಾಗಿಡಲು ಓಡುತ್ತಿದ್ದವು. ಹಾಗಾಗಿ ಟೆಂಟಿನ ಇನ್ಸುಲೇಷನ್ ಲೆಕ್ಕ ಹಾಕುವ ಎಂಜಿನಿಯರ್ ಕೂಡ ಲಾರಿ ಚಾಲಕನ ಪ್ರಾಣದ ಬಗ್ಗೆಯೇ ನಿರ್ಧಾರ ಮಾಡುತ್ತಿರುತ್ತಾನೆ. ಈ ಓದಿನಲ್ಲಿ ನೀವು ಹಾಕುವ ಪ್ರತಿ ಲೆಕ್ಕಕ್ಕೂ ಈ ಹೊಣೆ ಅಂಟಿಕೊಂಡಿದೆ.

ಯಾವ ವಿಷಯಗಳು ಗಟ್ಟಿ ಇರಬೇಕು?

ಥರ್ಮೋಡೈನಾಮಿಕ್ಸ್, ಫ್ಲೂಯಿಡ್ ಮೆಕ್ಯಾನಿಕ್ಸ್, ಹೀಟ್ ಟ್ರಾನ್ಸ್‌ಫರ್. ಈ ಮೂರು ಗಟ್ಟಿ ಇದ್ದರೆ ಉಳಿದದ್ದು ಕೈಗೆ ಸಿಗುತ್ತದೆ. ಇದರ ಮೇಲೆ ಸೈಕ್ರೋಮೆಟ್ರಿ ಕಲಿಯಬೇಕು, ಅಂದರೆ ಗಾಳಿಯ ಶಾಖ ಮತ್ತು ತೇವದ ಲೆಕ್ಕ. ಈ ಲೆಕ್ಕಕ್ಕೆ ಬಳಸುವ ಚಾರ್ಟ್ ನೋಡಿ ಹೆದರುವವರು ತುಂಬಾ ಜನ. ಒಂದು ವಾರ ಕೂತು ಕೈಯಿಂದ ಗೆರೆ ಎಳೆದು ಅಭ್ಯಾಸ ಮಾಡಿದರೆ ಹೆದರಿಕೆ ಹೋಗುತ್ತದೆ. ಒಣ ಮರುಭೂಮಿಯಲ್ಲಿ ನೀರು ಆವಿಯಾಗಿಸುವ ಕೂಲರ್ ಯಾಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಕರಾವಳಿಯಲ್ಲಿ ಯಾಕೆ ಸೋಲುತ್ತದೆ ಅಂತ ಆ ಚಾರ್ಟ್ ಒಂದೇ ನೋಟದಲ್ಲಿ ಹೇಳುತ್ತದೆ.

ಕಂಟ್ರೋಲ್ಸ್, ಒಳಚರಂಡಿ, ಅಗ್ನಿ ಸುರಕ್ಷತೆ, ಶಬ್ದ ನಿಯಂತ್ರಣ ಆಮೇಲೆ ಬರುತ್ತವೆ. ಒಳಚರಂಡಿಯನ್ನು ವಿದ್ಯಾರ್ಥಿಗಳು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಸ್ಕುಟಾರಿ ನೆನಪಿರಲಿ.

ಗಣಿತ ಎಷ್ಟು ಬೇಕು?

ಬೀಜಗಣಿತ, ಲಾಗರಿದಮ್, ಸ್ವಲ್ಪ ಕ್ಯಾಲ್ಕುಲಸ್. ಅದಕ್ಕಿಂತ ಮುಖ್ಯವಾಗಿ, ಒಂದು ಅಳತೆ ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಅನ್ನುವ ಅಂದಾಜು ತಲೆಯಲ್ಲಿರಬೇಕು. ಅಷ್ಟೇ ನೀರನ್ನು ಅರ್ಧ ವ್ಯಾಸದ ಪೈಪಿನಲ್ಲಿ ಕಳಿಸಿದರೆ ಘರ್ಷಣೆಯ ನಷ್ಟ ಸುಮಾರು 32 ಪಟ್ಟು ಏರುತ್ತದೆ. ಫ್ಯಾನಿನ ವೇಗವನ್ನು ಶೇ 80ಕ್ಕೆ ಇಳಿಸಿದರೆ ಅದು ತಿನ್ನುವ ಕರೆಂಟು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಬೇರೆ ಬೇರೆ ದೇಶಗಳ ಸೇನೆಗಳು ಒಟ್ಟಿಗಿರುವ ಕ್ಯಾಂಪಿನಲ್ಲಿ ಇದೇ ಲೆಕ್ಕ ಬೇರೆ ರೂಪದಲ್ಲಿ ಎದುರಾಗುತ್ತದೆ. ಕೆಲವು ದೇಶಗಳ ಕರೆಂಟು 50 ಹರ್ಟ್ಸ್, ಕೆಲವದ್ದು 60; ಪಂಪ್ ತಿರುಗುವ ವೇಗ ಈ ಹರ್ಟ್ಸ್ ಜೊತೆಗೇ ಏರಿಳಿಯುತ್ತದೆ. 60 ಹರ್ಟ್ಸ್ ಪಂಪನ್ನು 50 ಹರ್ಟ್ಸ್ ಕರೆಂಟಿಗೆ ಸಿಕ್ಕಿಸಿದರೆ ನೀರು ಸುಮಾರು ಶೇ 17, ಒತ್ತಡ ಸುಮಾರು ಶೇ 31 ಕಡಿಮೆಯಾಗುತ್ತದೆ. 50 ಹರ್ಟ್ಸ್ ಪಂಪನ್ನು 60ಕ್ಕೆ ಸಿಕ್ಕಿಸಿದರೆ ಅದು ಕೇಳುವ ಶಕ್ತಿ 1.7 ಪಟ್ಟು ಆಗುತ್ತದೆ, ಮೋಟಾರ್ ಸುಟ್ಟುಹೋಗಬಹುದು. ನೇಮ್‌ಪ್ಲೇಟ್ ಓದುವ ಅಭ್ಯಾಸ ಮೊದಲ ದಿನದಿಂದಲೇ ಬೆಳೆಯಬೇಕು.

ಒಂದು ಲೆಕ್ಕ ಪೂರ್ತಿ ಮಾಡಿ ತೋರಿಸಬಹುದಾ?

ಖಂಡಿತ. 100 ಜನರ ಕ್ಯಾಂಪು. ದಿನಕ್ಕೆ ಒಬ್ಬರ ಸ್ನಾನಕ್ಕೆ 20 ಲೀಟರ್ ಬಿಸಿನೀರು ಅಂದುಕೊಳ್ಳಿ. ಒಟ್ಟು 2,000 ಲೀಟರ್. 15 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಬೇಕು. 2,000 ಗುಣಿಸು 4.2 ಗುಣಿಸು 25, ಅಂದರೆ 2,10,000 ಕಿಲೋಜೂಲ್. ಯೂನಿಟ್ ಲೆಕ್ಕದಲ್ಲಿ ಸುಮಾರು 58.

ಈಗ ಈ 58 ಯೂನಿಟ್ ಎಲ್ಲಿಂದ ತರುತ್ತೀರಿ? ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇದೆ. ಜನರೇಟರ್ ಅದರಲ್ಲಿ ಮೂರನೇ ಒಂದು ಭಾಗವನ್ನು ಮಾತ್ರ ಕರೆಂಟು ಮಾಡುತ್ತದೆ. ಎಲೆಕ್ಟ್ರಿಕ್ ಗೀಸರ್ ಹಾಕಿದರೆ ದಿನಕ್ಕೆ 17–18 ಲೀಟರ್ ಡೀಸೆಲ್ ಬೇಕು. ನೇರ ಡೀಸೆಲ್ ಉರಿಸುವ ಬಾಯ್ಲರ್ ಲೀಟರಿಗೆ ಸುಮಾರು 8 ಯೂನಿಟ್ ಕೊಡುತ್ತದೆ. ಅಲ್ಲಿಗೆ 7 ಲೀಟರ್ ಸ್ವಲ್ಪ ಮೇಲೆ ಸಾಕು. ಇನ್ನೂ ಒಂದು ದಾರಿ ಇದೆ. ಜನರೇಟರ್ ಹೇಗಿದ್ದರೂ ಓಡುತ್ತಿದೆ, ಅದರ ರೇಡಿಯೇಟರ್ ಮತ್ತು ಹೊಗೆ ಕೊಳವೆಯಿಂದ ಉಳಿದ ಶಾಖವೆಲ್ಲ ಗಾಳಿಗೆ ಹೋಗುತ್ತಿದೆ. ಅದನ್ನು ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಹಿಡಿದರೆ ಸ್ನಾನದ ನೀರಿಗೆ ಹೆಚ್ಚುವರಿ ಡೀಸೆಲ್ ಹತ್ತಿರ ಹತ್ತಿರ ಬೇಡವೇ ಬೇಡ.

ಆದರೂ ಕಾಗದದ ಮೇಲೆ ಗೆದ್ದದ್ದು ಕ್ಯಾಂಪಿನಲ್ಲೂ ಗೆಲ್ಲುತ್ತದೆ ಅಂತಿಲ್ಲ. ಹೀಟ್ ಎಕ್ಸ್‌ಚೇಂಜರ್ ಸೋರಿದರೆ ಜನರೇಟರೇ ನಿಲ್ಲುತ್ತದೆ, ರೇಡಿಯೋ ಸೇರಿದಂತೆ ಎಲ್ಲ ನಿಲ್ಲುತ್ತದೆ. ಎರಡು ತಿಂಗಳ ಕ್ಯಾಂಪಿಗೆ ನಾನಾದರೆ ಬಾಯ್ಲರ್ ಆರಿಸುತ್ತೇನೆ. ಎರಡು ವರ್ಷದ ಕ್ಯಾಂಪಿಗೆ ಶಾಖ ಹಿಡಿಯುವ ವ್ಯವಸ್ಥೆ ಹಾಕಿ, ಅದನ್ನು ಬೈಪಾಸ್ ಮಾಡುವ ವಾಲ್ವ್ ಕೈಗೆ ಸಿಗುವಂತೆ ಇಡುತ್ತೇನೆ. ಪರೀಕ್ಷೆಯಲ್ಲೂ ಸಂದರ್ಶನದಲ್ಲೂ ಕೇಳುವುದು ಲೆಕ್ಕ ಮುಗಿದ ಮೇಲಿನ ಈ ಆಯ್ಕೆಯನ್ನೇ.

ಜನರೇಟರ್ ದೊಡ್ಡದಿದ್ದಷ್ಟೂ ಒಳ್ಳೆಯದಲ್ವಾ?

ಅಲ್ಲ. ಭಯಕ್ಕೆ ದೊಡ್ಡದು ಹಾಕುವುದು ಎಲ್ಲ ಕಡೆ ಕಾಣುವ ಅಭ್ಯಾಸ. ಡೀಸೆಲ್ ಎಂಜಿನ್ ತನ್ನ ಸಾಮರ್ಥ್ಯದ ಶೇ 30ಕ್ಕಿಂತ ಕಡಿಮೆ ಲೋಡಿನಲ್ಲಿ ದಿನಗಟ್ಟಲೆ ಓಡಿದರೆ ಒಳಗೆ ಸಾಕಷ್ಟು ಬಿಸಿಯಾಗುವುದಿಲ್ಲ. ಇಂಧನ ಪೂರ್ತಿ ಉರಿಯದೆ ಹೊಗೆ ಕೊಳವೆಯಲ್ಲಿ ಕಪ್ಪು ಜಿಡ್ಡಾಗಿ ಕೂರುತ್ತದೆ. ಇದನ್ನು ವೆಟ್ ಸ್ಟ್ಯಾಕಿಂಗ್ ಅನ್ನುತ್ತಾರೆ. ಎಂಜಿನ್ ಆಯುಷ್ಯ ಕಡಿಮೆಯಾಗುತ್ತದೆ, ಪ್ರತಿ ಯೂನಿಟ್‌ಗೆ ಡೀಸೆಲ್ ಜಾಸ್ತಿ ಹೋಗುತ್ತದೆ.

300 ಕಿಲೋವ್ಯಾಟ್‌ನದ್ದು ಒಂದರ ಬದಲು 100ರದ್ದು ಮೂರು ಇಟ್ಟು, ಲೋಡ್ ಹಂಚಿಕೊಳ್ಳುವಂತೆ ಮಾಡಿ. ರಾತ್ರಿ ಒಂದೇ ಓಡಲಿ. ಒಂದು ಕೆಟ್ಟರೂ ಎರಡು ಉಳಿಯುತ್ತವೆ. ಬಿಡಿಭಾಗ ಕೂಡ ಒಂದೇ ಬಗೆಯದು ಸಾಕು. ಹೊಗೆ ಯಾವ ಕಡೆ ಹೋಗುತ್ತದೆ ಅಂತ ಗಾಳಿ ನೋಡಿ ಇಡಿ. ಮಲಗುವ ಟೆಂಟಿನ ಗಾಳಿ ಒಳಬರುವ ಬಾಯಿಯ ಪಕ್ಕ ಎಂಜಿನ್ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ.

ಎತ್ತರದ ಪ್ರದೇಶದಲ್ಲಿ ಏನೇನು ಬದಲಾಗುತ್ತದೆ?

ಬಹುತೇಕ ಎಲ್ಲವೂ. 3,500 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು ಶೇ 70 ಮಾತ್ರ. ಫ್ಯಾನ್ ಅಷ್ಟೇ ಗಾತ್ರದ ಗಾಳಿ ತಳ್ಳುತ್ತದೆ, ಆದರೆ ಆ ಗಾಳಿ ಹೊರುವ ಶಾಖ ಕಡಿಮೆ. ಎಂಜಿನ್‌ಗೆ ಆಮ್ಲಜನಕ ಸಾಲದೆ ಶಕ್ತಿ ಇಳಿಯುತ್ತದೆ. ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಅಡುಗೆಗೆ ಹೊತ್ತು ಹಿಡಿಯುತ್ತದೆ.

ತುಂಬಾ ಜನ ಮರೆಯುವುದು ಪಂಪ್ ಸಕ್ಷನ್. ಪಂಪ್ ನೀರನ್ನು ಎಳೆಯುವುದಿಲ್ಲ, ಹೊರಗಿನ ಗಾಳಿಯ ಒತ್ತಡ ನೀರನ್ನು ಪೈಪಿನೊಳಗೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಆ ಒತ್ತಡ 10.3 ಮೀಟರ್ ನೀರಿಗೆ ಸಮ. 3,500 ಮೀಟರ್‌ನಲ್ಲಿ ಸುಮಾರು 6.7 ಮೀಟರ್. ಪೈಪಿನ ನಷ್ಟ ಮತ್ತು ಪಂಪಿಗೆ ಬೇಕಾದ ಕನಿಷ್ಠ ಒತ್ತಡ ಕಳೆದರೆ ಉಳಿಯುವುದು ಇನ್ನೂ ಕಡಿಮೆ. ಕೆಳಗೆ ಸಲೀಸಾಗಿ ಓಡಿದ ಪಂಪ್ ಮೇಲೆ ಕಲ್ಲು ಜಗಿಯುವ ಹಾಗೆ ಸದ್ದು ಮಾಡಿದರೆ ಅದು ಕ್ಯಾವಿಟೇಷನ್, ಅಂದರೆ ಒತ್ತಡ ಸಾಲದೆ ನೀರಿನಲ್ಲಿ ಆವಿಯ ಗುಳ್ಳೆಗಳು ಎದ್ದು ಒಡೆಯುವುದು. ಪಂಪನ್ನು ನೀರಿನ ಹತ್ತಿರಕ್ಕೆ ಇಳಿಸಿ, ಇಲ್ಲವೇ ನೀರೊಳಗೇ ಮುಳುಗುವ ಪಂಪ್ ಹಾಕಿ.

ನೀರಿನ ವಿಷಯದಲ್ಲಿ ಪೈಪ್ ಸೈಜ್ ಬಿಟ್ಟು ಏನು ಓದಬೇಕು?

ಮೊದಲು ಪ್ರಮಾಣ. ಪರಿಹಾರ ಶಿಬಿರಗಳಿಗೆ ಬಳಸುವ ಸ್ಫಿಯರ್ ಮಾನದಂಡ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಅನ್ನುತ್ತದೆ. ಶವರ್, ಬಟ್ಟೆ ಒಗೆಯುವುದು, ಅಡುಗೆಮನೆ ಇರುವ ಸೇನಾ ಕ್ಯಾಂಪಿಗೆ ಅದರ ಹಲವು ಪಟ್ಟು ಬೇಕು. ಕೊಟ್ಟ ನೀರಿನ ಬಹುಪಾಲು ಕೊಳಕಾಗಿ ವಾಪಸ್ ಬರುತ್ತದೆ, ಅದಕ್ಕೂ ದಾರಿ ಮಾಡಬೇಕು.

ಆಮೇಲೆ ಗುಣಮಟ್ಟ. ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾದಿಂದ ಬರುವ ಶ್ವಾಸಕೋಶದ ಕಾಯಿಲೆ ಮೊದಲು ಬೆಳಕಿಗೆ ಬಂದದ್ದು 1976ರಲ್ಲಿ, ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ನಡೆದ ಅಮೆರಿಕದ ಮಾಜಿ ಸೈನಿಕರ ಸಮ್ಮೇಳನದಲ್ಲಿ. ಅದು ಬೆಚ್ಚಗಿನ, ನಿಂತ ನೀರಿನಲ್ಲಿ ಬೆಳೆಯುತ್ತದೆ. ಬಿಸಿನೀರನ್ನು 60 ಡಿಗ್ರಿಯಲ್ಲಿ ಸಂಗ್ರಹಿಸಿ, ತಣ್ಣೀರನ್ನು 20 ಡಿಗ್ರಿಗಿಂತ ಕೆಳಗಿಡಿ ಅನ್ನುವ ನಿಯಮ ಇದಕ್ಕೇ ಇರುವುದು. ತುಕಡಿ ಹೊರಟು ಬ್ಯಾರಕ್ ವಾರಗಟ್ಟಲೆ ಖಾಲಿ ಇದ್ದಾಗ ಪೈಪಿನಲ್ಲಿ ನೀರು ನಿಲ್ಲುತ್ತದೆ. ಆಗ ನಲ್ಲಿಗಳನ್ನು ನಿಯಮಿತವಾಗಿ ಬಿಟ್ಟು ಹರಿಸುವ ಪಟ್ಟಿ ಇರಲೇಬೇಕು.

ಇನ್ನು ಇಂಧನ ಮತ್ತು ನೀರು ಹತ್ತಿರ ಇರುವ ಅಪಾಯ. ಹವಾಯಿಯ ರೆಡ್ ಹಿಲ್‌ನಲ್ಲಿ ಎರಡನೇ ಮಹಾಯುದ್ಧದ ಕಾಲದ ನೆಲದಡಿಯ ಇಂಧನ ಟ್ಯಾಂಕ್‌ಗಳಿದ್ದವು. ಅವುಗಳ ಕೆಳಗೆ, 30 ಮೀಟರ್‌ನಷ್ಟು ಆಳದಲ್ಲಿ, ಕುಡಿಯುವ ನೀರಿನ ಅಂತರ್ಜಲ. 2021ರ ನವೆಂಬರ್‌ನಲ್ಲಿ ಸೋರಿದ ಜೆಟ್ ಇಂಧನ ನೌಕಾಪಡೆಯ ಬಾವಿಗೆ ಸೇರಿತು. ಆ ನೀರಿನ ವ್ಯವಸ್ಥೆ ಸುಮಾರು 93,000 ಜನರದ್ದು. 2022ರ ಮಾರ್ಚ್‌ನಲ್ಲಿ ಟ್ಯಾಂಕ್‌ಗಳನ್ನು ಮುಚ್ಚುವ ನಿರ್ಧಾರ ಬಂತು. ಸೈನಿಕರ ಮಕ್ಕಳು ಆ ನೀರು ಕುಡಿದಿದ್ದರು. ಟ್ಯಾಂಕ್ ಎಲ್ಲಿ, ಬಾವಿ ಎಲ್ಲಿ ಅನ್ನುವ ಪ್ರಶ್ನೆಯನ್ನು ನಕ್ಷೆಯ ಮೇಲೆ ಮೊದಲ ದಿನವೇ ಕೇಳಬೇಕು.

ಮೆಕ್ಯಾನಿಕಲ್ ಓದುವವರಿಗೆ ಎಲೆಕ್ಟ್ರಿಕಲ್ ಎಷ್ಟು ಬೇಕು?

ಅರ್ಥಿಂಗ್, ಟ್ರಿಪ್ ಆಗುವ ಬ್ರೇಕರ್, ಮೋಟಾರ್ ಸ್ಟಾರ್ಟರ್, ಮೂರು ಫೇಸ್‌ಗಳ ಲೋಡ್ ಹಂಚಿಕೆ, ಕೇಬಲ್ ಸೈಜ್. ಇಷ್ಟು ಕಡ್ಡಾಯ. 2008ರ ಜನವರಿಯಲ್ಲಿ ಬಾಗ್ದಾದ್‌ನ ಸೇನಾ ನೆಲೆಯೊಂದರಲ್ಲಿ ಅಮೆರಿಕದ ಸೈನಿಕರೊಬ್ಬರು ಸ್ನಾನ ಮಾಡುವಾಗ ಶಾಕ್ ಹೊಡೆದು ಸತ್ತರು. ನೀರಿನ ಪಂಪಿಗೆ ಸರಿಯಾದ ಅರ್ಥಿಂಗ್ ಇರಲಿಲ್ಲ. ಪಂಪ್ ಮೆಕ್ಯಾನಿಕಲ್‌ನವರದ್ದು, ವೈರು ಎಲೆಕ್ಟ್ರಿಕಲ್‌ನವರದ್ದು ಅಂತ ಗೆರೆ ಹಾಕಿಕೊಂಡರೆ ಇಂಥದ್ದು ಆ ಗೆರೆಯ ಮೇಲೆಯೇ ಆಗುತ್ತದೆ. ಇನ್ನೊಂದು ದೇಶದ ಹಳೆಯ ಕಟ್ಟಡವನ್ನು ವಶಕ್ಕೆ ತೆಗೆದುಕೊಂಡು ಬಳಸುವಾಗ ಅದರ ವೈರಿಂಗನ್ನು ಮೊದಲು ಪರೀಕ್ಷಿಸಿ, ಆಮೇಲೆ ಜನರನ್ನು ಒಳಗೆ ಬಿಡಿ.

ವಿಷಾನಿಲ ತಡೆಯುವ ಆಶ್ರಯಗಳ ಬಗ್ಗೆ ಓದಬೇಕಾಗುತ್ತದಾ?

ಹೌದು, ತತ್ವ ಸರಳ. ಗಾಳಿಯನ್ನು ಫಿಲ್ಟರ್ ಮೂಲಕ ಒಳಗೆ ತಳ್ಳಿ, ಒಳಗಿನ ಒತ್ತಡವನ್ನು ಹೊರಗಿಗಿಂತ ಸ್ವಲ್ಪ ಜಾಸ್ತಿ ಇಡುತ್ತಾರೆ. ಆಗ ಸಂದಿಗಳಿಂದ ಗಾಳಿ ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ. ಶೌಚಾಲಯದ ಎಕ್ಸಾಸ್ಟ್ ಫ್ಯಾನ್ ಒಂದನ್ನು ಲೆಕ್ಕಕ್ಕೆ ಬಿಟ್ಟರೆ ಇಡೀ ವ್ಯವಸ್ಥೆ ಹಾಳಾಗಬಹುದು. ಆಪರೇಷನ್ ಥಿಯೇಟರ್‌ಗೂ ಇದೇ ತತ್ವ. ಸೋಂಕು ರೋಗಿಗಳ ಕೋಣೆಗೆ ಇದರ ಉಲ್ಟಾ.

ನಾನು ಫಿಟ್ಟರ್ ಆಗಿ ಸೇರಿದವನು. ಡಿಗ್ರಿ ಇಲ್ಲ. ಈ ಓದು ನನಗೆ ಆಗುತ್ತದಾ?

ಆಗುತ್ತದೆ, ಮತ್ತು ನಿಮ್ಮ ಬಳಿ ಇರುವುದು ಡಿಗ್ರಿಯವರ ಬಳಿ ಇರುವುದಿಲ್ಲ. ವಾಲ್ವ್ ಬಿಚ್ಚಲು ಸ್ಪ್ಯಾನರ್ ತಿರುಗುವಷ್ಟು ಜಾಗ ಬೇಕು ಅಂತ ನಿಮಗೆ ಗೊತ್ತು. ಬ್ರಿಟನ್ನಿನ ರಾಯಲ್ ಎಂಜಿನಿಯರ್ಸ್‌ನಲ್ಲಿ ಕ್ಲರ್ಕ್ ಆಫ್ ವರ್ಕ್ಸ್ ಅನ್ನುವ ಹುದ್ದೆ ಇದೆ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕನ್‌ಸ್ಟ್ರಕ್ಷನ್ ಅಂತ ವಿಭಾಗಗಳಿವೆ. ಕೈಕೆಲಸದಿಂದ ಮೇಲೆ ಬಂದವರೇ ಓದಿ ಆ ಹುದ್ದೆಗೆ ಏರುತ್ತಾರೆ. ಕಷ್ಟವಾಗುವುದು ಮೊದಲ ಆರು ತಿಂಗಳ ಗಣಿತ. ಕೋರ್ಸ್ ಶುರುವಾಗುವ ಮೊದಲೇ ಬೀಜಗಣಿತ ಮತ್ತೆ ತೆಗೆಯಿರಿ. ಸೂತ್ರದ ಒಂದು ಬದಿಯಿಂದ ಇನ್ನೊಂದು ಬದಿಗೆ ಪದ ತರುವುದು ಸಲೀಸಾದರೆ ಅರ್ಧ ಗೆದ್ದ ಹಾಗೆ.

ಇದನ್ನು ಎಲ್ಲಿ ಕಲಿಸುತ್ತಾರೆ?

ಬ್ರಿಟನ್ನಿನ ಸೇನಾ ಎಂಜಿನಿಯರಿಂಗ್ ಶಾಲೆ ಚಾಟಮ್‌ನಲ್ಲಿದೆ, 1812ರಿಂದ. ಭಾರತದಲ್ಲಿ ಪುಣೆಯ ಕಾಲೇಜ್ ಆಫ್ ಮಿಲಿಟರಿ ಎಂಜಿನಿಯರಿಂಗ್. ಅಮೆರಿಕದ ಸೇನಾ ಎಂಜಿನಿಯರ್ ಶಾಲೆ ಮಿಸೌರಿಯ ಫೋರ್ಟ್ ಲೆನರ್ಡ್ ವುಡ್‌ನಲ್ಲಿದೆ. 1802ರಲ್ಲಿ ಶುರುವಾದ ಅಮೆರಿಕದ ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟ್ ಮೊದಲಿಗೆ ಎಂಜಿನಿಯರಿಂಗ್ ಶಾಲೆಯಾಗಿಯೇ ಹೆಸರು ಮಾಡಿತ್ತು. ಪ್ರವೇಶದ ನಿಯಮಗಳು ಬದಲಾಗುತ್ತಿರುತ್ತವೆ. ನಿಮ್ಮ ಸೇನೆಯ ಅಧಿಕೃತ ಪ್ರಕಟಣೆಯನ್ನೇ ನೋಡಿ.

ಸಾಫ್ಟ್‌ವೇರ್ ಇರುವಾಗ ಕೈ ಲೆಕ್ಕ ಯಾಕೆ?

ಸಾಫ್ಟ್‌ವೇರ್ ಕಲಿಯಿರಿ, ಬೇಕೇ ಬೇಕು. ಆದರೆ ಉತ್ತರ ಬಂದಾಗ ಅದು ಸರಿಯಾ ಅಂತ ಎರಡು ನಿಮಿಷದಲ್ಲಿ ಅಂದಾಜಿಸಲು ಬರಬೇಕು. ಸುಮ್ನೆ ಕೂತ ಒಬ್ಬ ಮನುಷ್ಯ ಸುಮಾರು 100 ವ್ಯಾಟ್ ಶಾಖ ಬಿಡುತ್ತಾನೆ. ಒಂದು ಟನ್ ಎ.ಸಿ. ಅಂದರೆ 3.5 ಕಿಲೋವ್ಯಾಟ್. 20 ಜನರ ಟೆಂಟಿನಲ್ಲಿ ಜನರಿಂದ ಬರುವುದು 2 ಕಿಲೋವ್ಯಾಟ್ ಮಾತ್ರ. ಲೆಕ್ಕ 25 ಕಿಲೋವ್ಯಾಟ್ ತೋರಿಸಿದರೆ ಉಳಿದದ್ದು ಬಿಸಿಲಿನಿಂದ, ಸಂದಿಯ ಗಾಳಿಯಿಂದ, ಉಪಕರಣಗಳಿಂದ ಬರುತ್ತಿದೆ. ಹಾಗಾದರೆ ದೊಡ್ಡ ಎ.ಸಿ. ತರುವ ಮೊದಲು ಮೇಲೊಂದು ನೆರಳು ಬಟ್ಟೆ ಕಟ್ಟಿ, ಬಾಗಿಲ ಸಂದಿ ಮುಚ್ಚಿ.

ಓದಿನಲ್ಲಿ ಕಡಿಮೆ ಕಲಿಸುವ, ಕೆಲಸದಲ್ಲಿ ಜಾಸ್ತಿ ಬೇಕಾಗುವ ವಿಷಯ ಯಾವುದು?

ಕಮಿಷನಿಂಗ್ ಮತ್ತು ಹಸ್ತಾಂತರ. ಅಳವಡಿಸಿದ ವ್ಯವಸ್ಥೆ ಡಿಸೈನ್‌ನಂತೆ ನಡೆಯುತ್ತಿದೆಯಾ ಅಂತ ಅಳೆದು ನೋಡುವುದು. ಡಕ್ಟ್‌ನಲ್ಲಿ ಗಾಳಿ ಎಷ್ಟು, ಪೈಪಿನಲ್ಲಿ ಒತ್ತಡ ಎಷ್ಟು, ಕರೆಂಟು ಹೋದಾಗ ಜನರೇಟರ್ ತಾನಾಗಿ ಶುರುವಾಗುತ್ತದಾ. ಸೇನೆಯಲ್ಲಿ ಜನ ಬದಲಾಗುತ್ತಲೇ ಇರುತ್ತಾರೆ. ಆರು ತಿಂಗಳಿಗೆ ಹೊಸ ತುಕಡಿ ಬರುತ್ತದೆ. ನೀವು ಬಿಟ್ಟುಹೋಗುವ ನಕ್ಷೆ, ವಾಲ್ವ್‌ಗಳ ಪಟ್ಟಿ, ರಿಪೇರಿ ಪುಸ್ತಕ ಬಿಟ್ಟರೆ ಅವರಿಗೆ ಬೇರೆ ಆಧಾರ ಇಲ್ಲ. ಪ್ರಾಜೆಕ್ಟ್ ವಿಷಯ ಆರಿಸಿಕೊಳ್ಳುವಾಗ ಇಂಥದ್ದನ್ನು ಆರಿಸಿ. ಕಟ್ಟಿ ಮುಗಿದ ಒಂದು ವ್ಯವಸ್ಥೆಯನ್ನು ಅಳೆದು, ಡಿಸೈನ್ ಜೊತೆ ಹೋಲಿಸಿ ಬರೆದ ವರದಿ, ಹೊಸ ಡಿಸೈನ್‌ಗಿಂತ ಜಾಸ್ತಿ ಕಲಿಸುತ್ತದೆ.

ಡ್ಯೂಟಿ ಮಾಡುತ್ತಾ ಓದುವುದು ಹೇಗೆ?

ಕಷ್ಟ. ವರ್ಗಾವಣೆ, ಅಭ್ಯಾಸ ಶಿಬಿರ, ರಾತ್ರಿ ಪಾಳಿ ಎಲ್ಲ ನಡುವೆ ಬರುತ್ತವೆ. ದೂರಶಿಕ್ಷಣದ ಕೋರ್ಸ್ ಆರಿಸುವಾಗ ಪರೀಕ್ಷೆ ಮುಂದೂಡಲು ಅವಕಾಶ ಇದೆಯಾ, ಲ್ಯಾಬ್ ಎಲ್ಲಿ ಮಾಡಬೇಕು ಅಂತ ಮೊದಲೇ ಬರಹದಲ್ಲಿ ಕೇಳಿ. ಕಮಾಂಡಿಂಗ್ ಅಧಿಕಾರಿಗೆ ಶುರುವಿನಲ್ಲೇ ತಿಳಿಸಿ. ನಿಮ್ಮ ಸುತ್ತಲಿನ ಪ್ಲಾಂಟ್ ರೂಮನ್ನೇ ಲ್ಯಾಬ್ ಮಾಡಿಕೊಳ್ಳಿ. ಪಂಪಿನ ಅಧ್ಯಾಯ ಓದಿದ ದಿನ ಅಲ್ಲಿನ ಪಂಪಿನ ಗೇಜ್ ನೋಡಿ, ಅದರ ಕರ್ವ್ (ಹರಿವು, ಒತ್ತಡ ತೋರಿಸುವ ಗೆರೆ) ಮೇಲೆ ಎಲ್ಲಿ ನಿಂತಿದೆ ಅಂತ ಗುರುತಿಸಿ.

ಸೇನೆ ಬಿಟ್ಟ ಮೇಲೆ ಇದಕ್ಕೆ ಬೆಲೆ ಇದೆಯಾ?

ಇದೆ. ಆಸ್ಪತ್ರೆ, ಡೇಟಾ ಸೆಂಟರ್, ವಿಮಾನ ನಿಲ್ದಾಣ, ಎಲ್ಲ ಕಡೆ ಒಂದು ಕ್ಷಣವೂ ನಿಲ್ಲಬಾರದ ವ್ಯವಸ್ಥೆಗಳಿವೆ. ಬ್ರಿಟನ್ನಿನಲ್ಲಿ ಸಿಬ್ಸಿ, ಅಮೆರಿಕದಲ್ಲಿ ಆಶ್ರೇ ಈ ಕ್ಷೇತ್ರದ ವೃತ್ತಿ ಸಂಸ್ಥೆಗಳು. ವಿದ್ಯಾರ್ಥಿಯಾಗಿದ್ದಾಗಲೇ ಇಂಥ ಸಂಸ್ಥೆಯ ಸದಸ್ಯರಾಗಿ, ಮಾಡಿದ ಕೆಲಸವನ್ನು ಆಯಾ ತಿಂಗಳೇ ಬರೆದಿಡಿ. ಚಾರ್ಟರ್ಡ್ ಎಂಜಿನಿಯರ್ ಅನ್ನುವ ವೃತ್ತಿ ಮಾನ್ಯತೆಗೆ ಅರ್ಜಿ ಹಾಕುವಾಗ ಏನು ಮಾಡಿದಿರಿ ಅನ್ನುವುದರ ಜೊತೆ, ಯಾವ ನಿರ್ಧಾರ ನಿಮ್ಮದು, ಯಾಕೆ ಹಾಗೆ ನಿರ್ಧರಿಸಿದಿರಿ ಅಂತ ಕೇಳುತ್ತಾರೆ. ಗೋಪ್ಯ ವಿವರ ಇರುವ ಕೆಲಸವಾದರೆ ಜಾಗದ ಹೆಸರು ಬಿಟ್ಟು ಲೆಕ್ಕ ಮತ್ತು ಕಾರಣ ಮಾತ್ರ ಬರೆಯಿರಿ. ಬರೆದದ್ದನ್ನು ಹೊರಗೆ ಕೊಡುವ ಮೊದಲು ನಿಮ್ಮ ಘಟಕದಲ್ಲಿ ಅನುಮತಿ ಪಡೆಯಿರಿ.